‘ಬರ್ತೇನಿ’ ಅಂದದ್ದಕ್ಕೆ

ಶಾಂತವ್ವ, ನಿನ್ನನ್ನು ಆ ಮನೆಗೆ ವಾಪಸು ಕಳಿಸಿದವನು ನಾನು. ವಿಚಾರಣೆ ನಡೆಸಿದ ಸಾಹೇಬರಲ್ಲ, ನಿನ್ನ ಗಂಡನ ವಕೀಲರೂ ಅಲ್ಲ — ನಿನ್ನ ಪರವಾಗಿ ನಿಂತಿದ್ದ ನಾನು. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಅಂದು ನಡೆದದ್ದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಝಳಕಿ ಕಡೆಯ ಗಂಡನ ಮನೆಯಿಂದ ಓಡಿಬಂದು ನೀನು ಇಂಡಿ ಊರಿನ ಶಾಲೆಯಲ್ಲಿ ಕಲಿಸುವ ಅಕ್ಕೋರ ಬಳಿ ಆಶ್ರಯ ಕೇಳಿದ್ದೆ. ನಿನಗಿನ್ನೂ ಹದಿನೇಳು ತುಂಬಿರಲಿಲ್ಲ. ಮೊಣಕೈವರೆಗೂ ಸುಟ್ಟ ಗಾಯ. ಅಕ್ಕೋರು ತನ್ನ ಹೆಂಡತಿಯನ್ನು ಕೂಡಿಹಾಕಿದ್ದಾರೆಂದು ನಿನ್ನ ಗಂಡ ಅರ್ಜಿ ಕೊಟ್ಟ. ನೀನು ಜೀವಕ್ಕೆ ಅಂಜಿ ಬಂದವಳೆಂದು ಸಾಹೇಬರು ನಂಬಿದರೆ ಅಕ್ಕೋರ ಮನೆಯಲ್ಲಿ ಉಳಿಯುತ್ತಿದ್ದೆ, ಇಲ್ಲದಿದ್ದರೆ ಗಂಡನ ವಶಕ್ಕೆ. ಸಾಹೇಬರು ಉತ್ತರ ಭಾರತದವರು, ಕನ್ನಡ ಬಾರದು. ನಾನು ಹೊಸ ವಕೀಲ. ನಿನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ನಾಲ್ಕು ಮಾತಾಡುವಷ್ಟರಲ್ಲಿ ಸಾಹೇಬರು ಹುಬ್ಬೇರಿಸಿ, ಇಷ್ಟು ಒಳ್ಳೆಯ ಇಂಗ್ಲಿಷ್ ಎಲ್ಲಿ ಕಲಿತಿರಿ ಎಂದು ನನ್ನನ್ನು ಕೇಳಿದರು. ಹಲಸಂಗಿ ಹತ್ತಿರದ ಹಳ್ಳಿಯ ಹುಡುಗ ನಾನು — ಹಿರಿಹಿರಿ ಹಿಗ್ಗಿದೆ. ನೀನು ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ. ನಾನು ಆ ಕಡೆ ನೋಡಲೂ ಇಲ್ಲ.

ಸಾಹೇಬರ ಪ್ರಶ್ನೆಯನ್ನು ನಿನಗೆ ಕೇಳಿದೆ.

“ಮನಿ ಬಿಡುಮುಂದ ಯಾರಿಗರೆ ಏನರೆ ಹೇಳಿದ್ದೇನವಾ?”

“ಅವ್ರ ಅಜ್ಜಿ ಒಬ್ಬಾಕಿನ ಎಚ್ಚರಿದ್ಳರಿ. ಕಾಲು ಮುಟ್ಟಿ, ಬರ್ತೇನ್ರಿ ಯಮ್ಮಾ, ಅಂದ್ನಿರಿ.”

ವಾಪಸು ಬರುತ್ತೇನೆ ಎಂದಳು — ಹೀಗೆ ತಿರುಗಿಸಿದೆ. ಸಾಹೇಬರ ಪೆನ್ನು ನಿಂತಿತು. ಹಾಗಾದರೆ ಮರಳಿ ಹೋಗುವ ಮನಸ್ಸಿತ್ತು, ಅಲ್ಲವೇ ಎಂದು ಕೇಳಿದರು.

ನಮ್ಮ ಕಡೆ ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲ. ಅದು ಅಶುಭದ ಮಾತು. ಇನ್ನೆಂದೂ ಬಾರದವರೂ ‘ಬರ್ತೇನಿ’ ಎಂದೇ ಹೊಸ್ತಿಲು ದಾಟುತ್ತಾರೆ. ನಾನು ಚಿಕ್ಕವನಿದ್ದಾಗ ಬಾಯಿತಪ್ಪಿ ‘ಹೋಗ್ತೇನಿ’ ಅಂದರೆ ನಮ್ಮವ್ವ ಗದರಿ, ಒಳಗೆ ಕರೆದು, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಇಷ್ಟನ್ನು ಸಾಹೇಬರಿಗೆ ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ನನ್ನ ಇಂಗ್ಲಿಷ್ ತಪ್ಪೆಂದು ಒಪ್ಪಬೇಕು — ಆಗಷ್ಟೇ ಹೊಗಳಿಸಿಕೊಂಡ ಇಂಗ್ಲಿಷ್...

“ಯೆಸ್ ಸರ್,” ಅಂದೆ.

ಗಂಡನ ವಶಕ್ಕೆ ಎಂದು ಆದೇಶವಾಯಿತು. ಹೊರಗೆ ಅವನ ವಕೀಲರು ನಗುತ್ತ, “ಬರ್ತೇನಿ ಅಂತ ಆಕಿನ ಅಂದಾಳಪಾ, ಕರ್ಕೊಂಡು ನಡಿ,” ಅಂದರು. ಅದು ನಿನ್ನ ಕಿವಿಗೆ ಬಿತ್ತು.

“ಅಣ್ಣಾರ, ಬರ್ತೇನಿ ಅಂದದ್ದ ತಪ್ಪಾತೇನ್ರಿ?” ಎಂದು ನನ್ನನ್ನು ಕೇಳಿದೆ.

“ಹೌದವಾ. ಹಂಗ ಅನ್ನಬಾರದಿತ್ತು.”

ಹೀಗೆಂದೆ, ಶಾಂತವ್ವ. ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ತರ್ಜುಮೆಯಲ್ಲಿ ಎಡವಿದ್ದಕ್ಕಿಂತ, ಸಾಹೇಬರೆದುರು ಬಾಯಿ ಮುಚ್ಚಿಕೊಂಡದ್ದಕ್ಕಿಂತ ಈ ಮಾತಿಗೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಆಮೇಲೆ ನೀನು ಏನಾದೆ — ನಾನು ವಿಚಾರಿಸಲಿಲ್ಲ. ಎಷ್ಟೋ ಸಲ ಝಳಕಿ ಮೇಲೆ ಹಾದು ಹೋದೆ, ಬಸ್ಸಿನಿಂದ ಇಳಿಯಲಿಲ್ಲ.

ಈಗ ನಾನು ಹಿರಿಯ ವಕೀಲ. ಬೇರೆ ದೇಶಗಳಿಂದ ಜೀವ ಉಳಿಸಿಕೊಂಡು ಬಂದವರ ಪರವಾಗಿ ನಿಲ್ಲುವ ತರುಣ ವಕೀಲರಿಗೆ ಪಾಠ ಹೇಳುತ್ತೇನೆ. ಕಕ್ಷಿದಾರರ ಮಾತಿಗೆ ಅವರ ಮನೆಯಲ್ಲಿ ಏನು ಅರ್ಥವೆಂದು ಕೇಳಿ ತಿಳಿದುಕೊಳ್ಳಿ ಅನ್ನುತ್ತೇನೆ. ಉದಾಹರಣೆಗೆ ನಿನ್ನ ಕಥೆಯನ್ನೇ ಹೇಳುತ್ತೇನೆ — ‘ಯಾರೋ ಒಬ್ಬ ದಡ್ಡ ದುಭಾಷಿ’ ಎಂದು. ಹುಡುಗರು ನಗುತ್ತಾರೆ. ಅವರ ಜೊತೆ ನಾನೂ ನಗುತ್ತ ಬಂದಿದ್ದೇನೆ.

ನಾಳೆ ಮತ್ತೆ ಪಾಠವಿದೆ. ಆ ದುಭಾಷಿ ನಾನೇ ಎಂದು ಹೇಳುತ್ತೇನೆ. ದಡ್ಡನಾಗಿರಲಿಲ್ಲ, ಎಲ್ಲ ಗೊತ್ತಿತ್ತು ಎಂದೂ ಹೇಳುತ್ತೇನೆ. ಇದರಿಂದ ನಿನಗೇನೂ ಆಗುವುದಿಲ್ಲ, ಬಲ್ಲೆ. ಈವರೆಗೆ ಯಾರಿಗೂ ಹೇಳದ ಇನ್ನೊಂದನ್ನೂ ಹೇಳಬೇಕು.

ಅಂದು ಊರಿಗೆ ಹೊರಟ ಬಸ್ಸಿನೊಳಗೆ ನಿನ್ನ ಗಂಡ ಕೂತಿದ್ದ. ನೀನು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದೆ. ರೂಢಿಯ ಮಾತು ನಿನ್ನ ಬಾಯಿಗೆ ಬಂದಿತ್ತು, ತಡೆದುಕೊಂಡೆ. ನಾನು ತಪ್ಪೆಂದು ಹೇಳಿಕೊಟ್ಟಿದ್ದೆನಲ್ಲ — ನೀನು ತಿದ್ದಿಕೊಂಡು ಅಂದೆ:

“ಹೋಗ್ತೇನ್ರಿ, ಅಣ್ಣಾರ.”