ಟೇಪ್ ಅಳಿಸಿದ ಪ್ರೊಫೆಸರ್

ಇಲ್ಲ... ನಂಬಲು ಆಗುತ್ತಿಲ್ಲ.

ಬೆಳಿಗ್ಗೆ ಕಾಲೇಜಿಗೆ ಹೊರಟು ಆಲ್ಕೊಳ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ.
ಅಮೆರಿಕದಿಂದ ನಮ್ಮ ಪ್ರೊಫೆಸರರ ಮಗಳ ಮೆಸೇಜ್...
ಅಪ್ಪ ನಿದ್ದೆಯಲ್ಲೇ ಹೋದರು ಎಂದು.

ಮೊನ್ನೆ ತಾನೇ ವಿಡಿಯೋ ಕಾಲ್‌ನಲ್ಲಿ ಸಿಕ್ಕಿದ್ದರು. ಶಿವಮೊಗ್ಗದ ಸೆಕೆ ಹೇಗಿದೆ ಎಂದು ಕೇಳಿ, ತಮ್ಮ ಕಿಟಕಿಯಾಚೆಯ ಹಿಮ ತೋರಿಸಿ ನನ್ನ ಹೊಟ್ಟೆ ಉರಿಸಿದ್ದರು.
ಪ್ರೊಫೆಸರ್ ಎರ್ಲಿಂಗ್ ಇನ್ನಿಲ್ಲ...

ಫ್ರೆಂಡ್ಸ್, ನಿಮ್ಮಲ್ಲಿ ಬಹಳ ಜನರಿಗೆ ಅವರು ಗೊತ್ತಿರಲಿಕ್ಕಿಲ್ಲ.
ಹುಟ್ಟಿದ್ದು ಅಮೆರಿಕದ ಮಿನ್ನೆಸೋಟದಲ್ಲಿ. ಅಜ್ಜ ನಾರ್ವೆಯಿಂದ ಹಡಗಿನಲ್ಲಿ ಬಂದು ಅಲ್ಲಿನ ಕಬ್ಬಿಣದ ಗಣಿ ಸೇರಿದವರು. ಮೊಮ್ಮಗ ಹಿಸ್ಟರಿ ಪ್ರೊಫೆಸರ್ ಆಗಿ, ಅಂಥ ವಲಸೆ ಕಾರ್ಮಿಕರ ಮನೆಗಳ ಕಥೆಯನ್ನೇ ಜೀವಮಾನವಿಡೀ ಬರೆದರು.
ರಾಜರ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ ಎನ್ನುತ್ತಿದ್ದರು.

ರಿಟೈರ್ ಆದ ಮೇಲೆ ಶಂಕರಘಟ್ಟದ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ವಿಸಿಟಿಂಗ್ ಪ್ರೊಫೆಸರ್ ಆಗಿ ಬಂದರು.
ಉಕ್ಕಿನ ಕಾರ್ಖಾನೆಗಾಗಿ ಎಲ್ಲೆಲ್ಲಿಂದಲೋ ಬಂದು ಭದ್ರಾವತಿಯ ನ್ಯೂ ಟೌನಿನಲ್ಲಿ ನೆಲೆ ನಿಂತವರ ಬಗ್ಗೆ ಪುಸ್ತಕ ಬರೆಯಬೇಕಿತ್ತು ಅವರಿಗೆ. ನಾನಾಗ ಅಲ್ಲಿ ರಿಸರ್ಚ್ ಸ್ಟೂಡೆಂಟ್. ಜೊತೆಗೆ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು.

ಕನ್ನಡ ಕಲಿತೇ ಬಂದಿದ್ದರು... ಅಚ್ಚ ಪುಸ್ತಕದ ಕನ್ನಡ.
ಆಟೋದವನಿಗೆ "ದಯವಿಟ್ಟು ನಿಧಾನವಾಗಿ ಚಲಿಸಿ" ಎನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ಅದೇ ಆಟೋದವನ ಹತ್ತಿರ ಚೌಕಾಸಿ ಮಾಡಿ ಗೆಲ್ಲುತ್ತಿದ್ದರು. ನನ್ನನ್ನು ಮಾರಾಯ್ತಿ ಎಂದು ಕರೆಯಲು ಶುರು ಮಾಡಿದ್ದೂ ಆಗಲೇ.

ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ಒಂದೇ.
"ನಿಮ್ಮಜ್ಜಿ ಮಾಡ್ತಿದ್ದ ಯಾವ ಅಡುಗೆ ಈಗ್ಲೂ ಮಾಡ್ತೀರಿ?"
ಕಾರ್ಖಾನೆ, ಯೂನಿಯನ್ ಎಲ್ಲ ಆಮೇಲೆ... ಊಟಕ್ಕೆ ಕೂತ ಮೇಲೆ.

ಸೆಲ್ವಿಯಮ್ಮನ ಮನೆಯಲ್ಲೂ ಹಾಗೇ ಆಯಿತು. ಅವರ ಗಂಡ ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ತೀರಿಕೊಂಡವರು.
"ಸಾರ್, ನೀವು ಅಮೆರಿಕಾನೋ ನಾರ್ವೆಯೋ?"
"ಹುಟ್ಟಿದ್ದು ಅಮೆರಿಕ ಅಮ್ಮ. ಅಜ್ಜನ ಊರು ನಾರ್ವೆ."
"ಹಂಗಾದ್ರೆ ನಮ್ ಥರಾನೇ ಬಿಡಿ. ನಮ್ ತಾತ ಸೇಲಂ ಕಡೆಯೋರು. ನಾನು ಭದ್ರಾವತಿಯೋಳು."
ಅಂದಿನಿಂದ ದೋಸ್ತಿ. ತಮ್ಮಜ್ಜಿಯ ಆಲೂಗಡ್ಡೆ ರೊಟ್ಟಿ ಮಾಡಿ ತೋರಿಸುತ್ತೇನೆಂದು ಹೋಗಿ, ಸೆಲ್ವಿಯಮ್ಮನ ಕಾವಲಿಗೆಲ್ಲ ಹಿಟ್ಟು ಅಂಟಿಸಿ ಬೈಸಿಕೊಂಡಿದ್ದೂ ಉಂಟು.

ಹಳೇ ಕ್ಯಾಸೆಟ್ ರೆಕಾರ್ಡರ್ ಮಾತ್ರ ಸದಾ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿರುತ್ತಿತ್ತು.

ಅವರದೊಂದು ಪದ್ಧತಿ ಇತ್ತು...
ಬರೆದಿದ್ದು ಪ್ರೆಸ್ಸಿಗೆ ಹೋಗುವ ಮೊದಲು ಆಯಾ ಮನೆಗೆ ಹೋಗಿ, ಕನ್ನಡದಲ್ಲಿ ಓದಿ ಹೇಳುವುದು.

ಸೆಲ್ವಿಯಮ್ಮನಿಗೆ ಓದಿದ್ದು ಅವರ ಗಂಡನ ಕಥೆ. ಗಂಡ ಯೂನಿಯನ್ನಿನಲ್ಲಿದ್ದಾಗ ಜೊತೆಯವರಿಂದಲೇ ಮುಚ್ಚಿಟ್ಟಿದ್ದ ಒಂದು ಸಂಗತಿ. ಏನೆಂದು ಕೇಳಬೇಡಿ, ನಾನು ಹೇಳುವುದಿಲ್ಲ. ಅದು ಹೊರಬಿದ್ದಿದ್ದರೆ ಆ ಬೀದಿಯಲ್ಲಿ ಸೆಲ್ವಿಯಮ್ಮ ತಲೆ ಎತ್ತಿ ಓಡಾಡುವಂತಿರಲಿಲ್ಲ. ಪ್ರೊಫೆಸರರ ಪುಸ್ತಕದ ಯೂನಿಯನ್ ಅಧ್ಯಾಯವೋ, ಅದರ ಮೇಲೆಯೇ ನಿಂತಿತ್ತು.

ಪೂರ್ತಿ ಕೇಳಿಸಿಕೊಂಡು ಸೆಲ್ವಿಯಮ್ಮ ಮೆಲ್ಲಗೆ ಹೇಳಿದರು.
"ಸಾರ್... ಇದನ್ನ ನಾನು ಹೇಳಿದ್ದು ನೀವು ಊಟಕ್ಕೆ ಕೂತಿದ್ದಾಗ."
"ಹೌದಮ್ಮ."
"ಮನೇಲಿ ಉಣ್ಣೋರಿಗೆ ಹೇಳಿದ್ದು ಸಾರ್. ಬುಕ್ಕಿಗಲ್ಲ."

ಅಂದು ಟೇಪ್ ಓಡುತ್ತಿದ್ದುದು ಅವರಿಗೂ ಗೊತ್ತಿತ್ತು. ಆದರೆ ತಟ್ಟೆಗೆ ಬಡಿಸಿದ ಮೇಲೆ ಎದುರಿಗೆ ಕೂತವರು ಮನೆಯ ಮನುಷ್ಯ... ಮನೆಯ ಮಾತೆಲ್ಲ ಹೇಳಿಕೊಂಡಿದ್ದರು. ನಾವಿಬ್ಬರೂ ಅದನ್ನು ಇಂಟರ್ವ್ಯೂ ಎಂದುಕೊಂಡಿದ್ದೆವು.

ಹೆಸರು ಬದಲಾಯಿಸಿದರೆ ಸಾಕಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ. ಉತ್ತರ ಕನ್ನಡದಲ್ಲೇ ಬಂತು.
"ಹೆಸರು ಬದಲಾಯಿಸಿದ್ರೆ ಈ ಬೀದೀಲಿ ಯಾರಿಗೆ ಗೊತ್ತಾಗಲ್ಲ ಮಾರಾಯ್ತಿ?"

ಸರ್...
ಆಮೇಲೆ ನೀವು ಮಾಡಿದ್ದು ಇವತ್ತು ಬೆಳಿಗ್ಗೆಯಿಂದ ಕಣ್ಣ ಮುಂದೆಯೇ ಇದೆ.
ಹಾಳೆಗಳನ್ನು ಮಡಚಿ ಸೆಲ್ವಿಯಮ್ಮನ ಕೈಗೆ ಕೊಟ್ಟಿರಿ. ಬ್ಯಾಗಿನಿಂದ ಆ ಕ್ಯಾಸೆಟ್ ಹುಡುಕಿ ತೆಗೆದು, ರೆಕಾರ್ಡರಿಗೆ ಹಾಕಿ, ಅವರ ಮಾತಿನ ಮೇಲೆ ಏನೂ ಇಲ್ಲದ್ದನ್ನು ರೆಕಾರ್ಡ್ ಮಾಡಿದಿರಿ.
ಟೇಪ್ ಮುಗಿಯುವವರೆಗೂ ಮೂವರೂ ತುಟಿ ಬಿಚ್ಚದೆ ಕುಳಿತಿದ್ದೆವು... ಮೇಲೆ ಫ್ಯಾನ್ ತಿರುಗುತ್ತಿತ್ತು.
ಕೊನೆಗೆ ರಿವೈಂಡ್ ಮಾಡಿ ಅವರಿಗೆ ಕೇಳಿಸಿದಿರಿ. ಬರೀ ಫ್ಯಾನಿನ ಸದ್ದು.

ಇತಿಹಾಸಕಾರನೊಬ್ಬ ತನ್ನ ಕೈಯಾರೆ ಸಾಕ್ಷಿ ಅಳಿಸುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ ಸರ್...
ಹಾಗೆಂದು ವಾಪಸ್ ಬರುವಾಗ ಬಸ್ಸಿನಲ್ಲಿ ನಿಮ್ಮ ಜೊತೆ ಜಗಳ ಆಡುವುದನ್ನೇನೂ ಬಿಡಲಿಲ್ಲ.
"ಅವರು ವಾಪಸ್ ಕೇಳಿದ್ರು, ಕೊಟ್ಟೆ" ಎಂದು ಕಿಟಕಿ ಕಡೆ ತಿರುಗಿದಿರಿ. ನಿಮಗೂ ಸಂಕಟವಾಗಿತ್ತು... ಗೊತ್ತು ನನಗೆ.

ಪುಸ್ತಕ ಬಂತು. ಯೂನಿಯನ್ ಕುರಿತ ಅಧ್ಯಾಯ ಸಪ್ಪೆ ಎಂದು ಅಮೆರಿಕದ ಯಾರೋ ರಿವ್ಯೂ ಬರೆದರು. ನೀವು ಅದನ್ನು ನನಗೇ ಫಾರ್ವರ್ಡ್ ಮಾಡಿ, "ಸರಿಯಾಗೇ ಬರೆದಿದಾನೆ" ಅಂದಿರಿ.

ಈಗ ನಾನೂ ಪಾಠ ಮಾಡುತ್ತೇನೆ ಸರ್. ಸಾಕ್ಷಿ ಹುಡುಕುವುದನ್ನು ಮಕ್ಕಳಿಗೆ ಕಲಿಸುತ್ತೇನೆ. ಆ ಮಧ್ಯಾಹ್ನವನ್ನು ಹೇಗೆ ಕಲಿಸಬೇಕೋ ಇನ್ನೂ ತಿಳಿದಿಲ್ಲ...

ಸೆಲ್ವಿಯಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿ, ರಜೆ ಹಾಕಿ ಭದ್ರಾವತಿಗೆ ಹೋದೆ.
ಬಾಗಿಲಲ್ಲೇ ಕುಳಿತಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಎದ್ದು ಒಂದು ಲೋಟ ನೀರು ತಂದುಕೊಟ್ಟರು.

"ಕಾಫಿ ಕೊಡ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ ಕಣಮ್ಮ... ಮನೆ ಮನುಷ್ಯ ಹೋಗಿದಾರೆ. ಇವತ್ತು ಒಲೆ ಹಚ್ಚಂಗಿಲ್ಲ."

ಹೋಗಿ ಬನ್ನಿ ಸರ್...
ನಿಮ್ಮ ಜೀವ ಎಲ್ಲಿದ್ದರೂ ತಣ್ಣಗಿರಲಿ. 🙏