ಬಹರೈನಿನಿಂದ ಬಂದ ಸಪೂರ ದನಿ

ಬರ್ತಾಬಾಯಿಯ ಮನೆಯಲ್ಲಿ ಯಾವುದೂ ಜೋರಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಶಿರ್ವದ ಹಿತ್ತಲಲ್ಲಿ ಮಲ್ಲಿಗೆ ಬೆಳೆಸಿ, ಮೊಗ್ಗು ಕಟ್ಟಿ ಮಾರಿ ಒಬ್ಬನೇ ಮಗನನ್ನು ಬೆಳೆಸಿದಾಕೆ. ನಗು ಬಂದರೂ ಸೆರಗು ಬಾಯಿಗೆ ಹಿಡಿಯುವಳು. ಹಾಗಾಗಿ ೧೯೮೩ರಲ್ಲಿ ಮಗ ಡೊಮಿನಿಕ್ ಬಹರೈನಿನಿಂದ ರಜೆಗೆ ಬಂದು, ಎರಡು ಸ್ಪೀಕರುಗಳ ದೊಡ್ಡ ಸ್ಟೀರಿಯೊ ಇಟ್ಟುಹೋದಾಗ ಆಕೆಗೆ ಖುಷಿಗಿಂತ ಸಂಕೋಚವೇ ಹೆಚ್ಚಾಯಿತು.

ಡೊಮಿನಿಕ್ ಕಾಗದ ಬರೆಯುವವನಲ್ಲ. ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುವನು. ಎಡಗಡೆಯ ಮೈಕಿಗೆ ಅವನು, ಬಲಗಡೆಯದಕ್ಕೆ ಅವನ ಕೋಣೆಯ ಗೆಳೆಯ ಓಸ್ವಾಲ್ಡ್. ಇಬ್ಬರ ಹರಟೆಯೇ ಓಲೆ. ಬೇಲಿಯಾಚೆಯ ಕ್ಲಾರಾಳ ಕಿವಿ ಬಲು ಚುರುಕು. ಮನೆಯ ಮಾತು ಅವಳಿಗೆ ಯಾಕೆ ಎಂದು ಬರ್ತಾಬಾಯಿ ದನಿಯ ಗುಂಡಿಯನ್ನು ಇಷ್ಟೇ ಇಷ್ಟು ತಿರುಗಿಸಿ ಕೇಳುವಳು.

ಓಸ್ವಾಲ್ಡನ ದನಿ ಸರಿಯಾಗಿಯೇ ಇರುತ್ತಿತ್ತು. ಮಗನದು ಮಾತ್ರ ಸಪೂರ, ನೂಲಿನ ಎಳೆಯ ಹಾಗೆ. ಒಂದೇ ಕೋಣೆ, ಒಂದೇ ಊಟ; ಹಾಗಾದರೆ ಇವನಿಗೆ ಮೈಯಲ್ಲಿ ಏನೋ ಉಂಟು, ಮುಚ್ಚಿಡುತ್ತಿದ್ದಾನೆ. ಕೊನೆಗೆ ಆಕೆ ನಿಶ್ಚಯಿಸಿದಳು: ಕೆಲಸ ಬಿಟ್ಟು ಬಾ ಎಂದು ಕ್ಯಾಸೆಟ್‌ನಲ್ಲಿ ಹೇಳಿ ಕಳಿಸುವುದು.

ರೆಕಾರ್ಡ್ ಮಾಡುವ ಕ್ರಮ ಆಕೆಗೆ ತಿಳಿಯದು. ಕಾಪುವಿನಲ್ಲಿ ರೇಡಿಯೊ ರಿಪೇರಿ ಮಾಡುವ ವಾಸುವನ್ನು ಕರೆಸಿದಳು. ವಿಷಯ ಕೇಳಿ ಅವನು, "ಮೊದಲು ಮಗನ ಮಾತು ಕೇಳುವ, ಬಾಯಮ್ಮ," ಎಂದವನೇ ಗುಂಡಿಯನ್ನು ಅರ್ಧದವರೆಗೆ ತಿರುಗಿಸಿಬಿಟ್ಟ.

"ಅಮ್ಮಾ, ಇಲ್ಲಿ ತಿಂದು ತಿಂದು ನನ್ನ ಪ್ಯಾಂಟೆಲ್ಲ ಬಿಗಿ!"

ತುಂಬಿದ, ಎದೆಯಾಳದ ದನಿ. ತೀರಿಹೋದ ಗಂಡನೇ ಒಳಗೆ ಬಂದು ಕೂತಂತಾಯಿತು.

ಬೇಲಿಯಾಚೆಯಿಂದ ಕ್ಲಾರಾ ಕೂಗಿದಳು: "ಎಂತ ಬರ್ತಾಬಾಯಿ, ಡೊಮಿನಿಕ್ ಬಂದನಾ? ಹೇಳಲೇ ಇಲ್ಲ!"

ಬರ್ತಾಬಾಯಿ ಓಡಿ ಗುಂಡಿ ಇಳಿಸಿದಳು. ದನಿ ಮತ್ತೆ ಸಪೂರವಾಯಿತು.

ವಾಸು ನಕ್ಕ. "ಹುಷಾರಿಲ್ಲದ್ದು ನಿಮ್ಮ ಮಗನಿಗಲ್ಲ, ಈ ಗುಂಡಿಗೆ. ಒಳಗೆ ಎರಡು ಸ್ಪೀಕರಿಗೂ ದನಿ ಏರಿಸಿ ಇಳಿಸುವ ಬೇರೆ ಬೇರೆ ಪಟ್ಟಿ ಉಂಟು. ಸ್ವಲ್ಪವೇ ತಿರುಗಿಸಿದರೆ ಎರಡೂ ಜೊತೆಯಾಗಿ ನಡೆಯುವುದಿಲ್ಲ, ನಿಮ್ಮ ಮಗ ಮಾತಾಡುವ ಎಡದ್ದು ಹಿಂದೆ ಬೀಳುತ್ತದೆ. ಸಣ್ಣಗಿಟ್ಟರೆ ನಮ್ಮ ಕಿವಿಗೂ ದಪ್ಪ ಸ್ವರ ಕೇಳುವುದು ಕಡಿಮೆ."

"ಹಾಗೆಂದು ಊರಿಗೆಲ್ಲ ಕೇಳಿಸಲಿಕ್ಕೆ ಆಗ್ತದಾ ಮಾರಾಯ?"

ವಾಸು ಪೆಟ್ಟಿಗೆ ಬಿಚ್ಚಿದ. ಟೇಪಿನಿಂದ ಗುಂಡಿಗೆ ಬರುವ ಎರಡೂ ದಾರಿಯಲ್ಲಿ ಒಂದೊಂದು ರೆಸಿಸ್ಟರ್ ಬೆಸುಗೆ ಹಾಕಿದ. ದನಿ ಅಲ್ಲೇ ಅರ್ಧ ತಗ್ಗಿ ಬರುವುದರಿಂದ ಈಗ ಗುಂಡಿಯನ್ನು ಮಧ್ಯಕ್ಕೆ ತಂದರೂ ಮಾತು ಜಗಲಿ ದಾಟಲಿಲ್ಲ. ಇಬ್ಬರು ಗೆಳೆಯರೂ ಸರಿಸಮ ಕೂತು ಹರಟಿದರು. ಡೊಮಿನಿಕ್‌ನ ನಗುವಿನಲ್ಲಿ ಹೊಟ್ಟೆ ತುಂಬಿದ್ದು ಕೇಳುತ್ತಿತ್ತು.

ಬರ್ತಾಬಾಯಿ ಕ್ಯಾಸೆಟ್ ಮುಗಿಯುವವರೆಗೂ ಕೇಳಿದಳು. ಆಮೇಲೆ ವಾಸು ಹೊಸ ಕ್ಯಾಸೆಟ್ ಹಾಕಿ ರೆಕಾರ್ಡ್ ಶುರುಮಾಡಿದ. ಆಕೆ ಸ್ಟೀರಿಯೊದ ಮೈಕನ್ನು ಹತ್ತಿರ ಎಳೆದುಕೊಂಡು, "ಪುತಾ, ಇಲ್ಲಿ ಎಲ್ಲ ಸೌಖ್ಯ..." ಎಂದು ಸೆರಗಿನ ಮರೆಯಲ್ಲೇ ಪಿಸುಗುಟ್ಟಿದಳು.

"ಸ್ವಲ್ಪ ಗಟ್ಟಿಯಾಗಿ, ಬಾಯಮ್ಮ. ಇಲ್ಲದಿದ್ದರೆ ನಿಮಗೆ ಹುಷಾರಿಲ್ಲ ಎಂದು ಅವನು ನಾಳೆಯೇ ವಿಮಾನ ಹತ್ತಿಯಾನು."

ಬರ್ತಾಬಾಯಿ ಸೆರಗನ್ನು ಬಾಯಿಂದ ತೆಗೆದಳು.

"ಪುತಾ, ಇಲ್ಲಿ ಎಲ್ಲ ಸೌಖ್ಯ! ಈ ಸಲ ಮಲ್ಲಿಗೆ ಒಳ್ಳೆದುಂಟು! ನೀನು ಸ್ವಲ್ಪ ಕಡಿಮೆ ತಿನ್ನು!"

"ನಾನೂ ಕೇಳಿದೆ ಅಂತ ಹೇಳಿ!" ಬೇಲಿಯಾಚೆಯಿಂದ ಕ್ಲಾರಾಳ ದನಿ.

ಅದೂ ಕ್ಯಾಸೆಟ್‌ಗೆ ಸೇರಿತು. ಬರ್ತಾಬಾಯಿ ಅಳಿಸಲು ಹೇಳಲಿಲ್ಲ.