ಕಲ್ಲಾಗುವ ವಿದ್ಯೆ

ಹಡಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆ ಮನುಷ್ಯನ ಹೆಸರು ಪಾಸ್‌ಪೋರ್ಟಿನಲ್ಲಿ ಏನಾದರೂ ಇರಲಿ, ಹಡಗಿನವರ ಬಾಯಲ್ಲಿ ಅವನು ಗಂಜಿಯಣ್ಣ. ಅವನು ಗಂಜಿ ಹಾಕಿ ತೀಡಿದ ಅಂಗಿ, ಒಳಗೆ ಕ್ಯಾಪ್ಟನ್ ಇಲ್ಲದಿದ್ದರೂ ತಾನಾಗಿ ಸಲ್ಯೂಟ್ ಹೊಡೆಯುತ್ತದೆ ಎಂದು ಅವನ ಕೋಣೆಯ ಜೊತೆಗಾರ ಬೇಕರಿಯವನು ತಮಾಷೆ ಮಾಡುತ್ತಿದ್ದ. ಸಾವಿರಾರು ಪ್ರವಾಸಿಗರು ಉಂಡು, ಈಜಿ, ಕುಣಿದು ಕೊಳೆ ಮಾಡಿದ್ದೆಲ್ಲ ಕೊನೆಗೆ ಬಂದು ಬೀಳುವುದು ಹಡಗಿನ ತಳದಲ್ಲಿದ್ದ ಆ ಲಾಂಡ್ರಿಗೆ. ಅಲ್ಲಿ ಕಿಟಕಿಯಿಲ್ಲ. ಸಮುದ್ರ ಗೋಡೆಯಾಚೆಗೇ ಇದ್ದರೂ ಕಾಣುವುದಿಲ್ಲ. ಬಿಸಿ ಹಬೆ, ಸೋಪಿನ ವಾಸನೆ, ಆಳೆತ್ತರದ ಒಣಗಿಸುವ ಯಂತ್ರಗಳ ಗಡಗಡ ಸದ್ದು, ಇಷ್ಟೇ. ಮಗಳು ಹಾಲುಹಲ್ಲು ಉದುರಿಸುವ ಹೊತ್ತಿಗೆ ಹಡಗು ಹತ್ತಿದವನು, ವರ್ಷಕ್ಕೊಮ್ಮೆ ರಜೆಯಲ್ಲಿ ಮನೆಗೆ ಹೋಗಿ ಮತ್ತೆ ಬಂದು ಅದೇ ಮೇಜಿನ ಮುಂದೆ ನಿಲ್ಲುತ್ತಿದ್ದ. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಬೆರಳು ಮಾಡಬೇಕಾದ ಸಂಗತಿ ಬೇರೆ ಇತ್ತು.

ಆಗ ಹಡಗಿನ ಇಂಟರ್ನೆಟ್ ಎಂದರೆ ದೇವರಿಗೇ ಪ್ರೀತಿ. ನೆತ್ತಿಯ ಮೇಲಿದ್ದ ದೊಡ್ಡ ಬಿಳಿ ಆಂಟೆನಾ ಗುಮ್ಮಟಗಳು ಆಕಾಶದಿಂದ ಹಿಡಿದು ಕೊಟ್ಟಷ್ಟನ್ನು ಪ್ರವಾಸಿಗರು ಹೀರಿದ ಮೇಲೆ ತಳದಲ್ಲಿ ಉಳಿದದ್ದು ಕೆಲಸಗಾರರಿಗೆ. ಅದಕ್ಕೂ ಹಿಂಬದಿಯ ತೆರೆದ ಅಟ್ಟಕ್ಕೆ, ಅಂದರೆ ಡೆಕ್ಕಿಗೆ ಹೋಗಿ, ಗಾಳಿಯಲ್ಲಿ ನಡುಗುತ್ತ, ಫೋನನ್ನು ಎತ್ತಿ ಹಿಡಿದು ನಿಲ್ಲಬೇಕು. ಹೆಂಡತಿಯ ಮುಖ ಬರುತ್ತದೆ, ಎರಡು ಮಾತಾಡುತ್ತದೆ, ಮೂರನೆಯದಕ್ಕೆ ಬಾಯಿ ತೆರೆದಲ್ಲೇ ನಿಂತುಬಿಡುತ್ತದೆ. ಮೊದಮೊದಲು ಎಲ್ಲರೂ ಶಪಿಸಿದರು. ಆಮೇಲೆ ಒಬ್ಬೊಬ್ಬರಿಗೇ ಹೊಳೆಯಿತು, ಇದರಲ್ಲೂ ಒಂದು ಸುಖವಿದೆ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಇವರಿಗೆ ಆ ನೆವ ಆಕಾಶದಿಂದಲೇ ಇಳಿದು ಬಂದಿತ್ತು.

ಬೇಡದ ಮಾತು ಬಂದಾಗ, ಚಿತ್ರ ನಿಂತುಹೋದವರಂತೆ ತಾವೇ ಅಲ್ಲಾಡದೆ ನಿಲ್ಲುವುದು. ಇದಕ್ಕೆ ಅವರು ಇಟ್ಟ ಹೆಸರು ‘ಕಲ್ಲಾಗೋದು’. ಬೇಕರಿಯವನು ಈ ವಿದ್ಯೆಯ ಗುರು.

“ಬಾಯಿ ಅರ್ಧ ತೆರೀಬೇಕು. ಪೂರ್ತಿ ಮುಚ್ಚಿದ್ರೆ ಕೋಪ ಬಂದಿದೆ ಅನ್ಕೋತಾರೆ. ಒಂದು ರೆಪ್ಪೆ ಸ್ವಲ್ಪ ಇಳಿಸಿದ್ರೆ ಇನ್ನೂ ಚೆನ್ನ. ಉಸಿರು ಹೊಟ್ಟೇಲಿ ಮಾತ್ರ ಆಡ್ಬೇಕು. ಅವರು ‘ಹಲೋ ಹಲೋ’ ಅಂತಿರೋವಾಗ್ಲೇ ಹೆಬ್ಬೆರಳಲ್ಲಿ ಮೆಲ್ಲಗೆ ಕಟ್ ಮಾಡ್ಬಿಡು,” ಎಂದು ಅವನು ಹಿಟ್ಟಿನ ಕೈಯಲ್ಲೇ ಅಭಿನಯಿಸಿ ತೋರಿಸುತ್ತಿದ್ದ.

ಗಂಜಿಯಣ್ಣ ಬೇಗ ಕಲಿತ. ಭಾವಮೈದ ಸಹಾಯ ಕೇಳಿದಾಗ ಕಲ್ಲಾದ. ಅತ್ತಿಗೆ ಮನೆಯ ಜಗಳಕ್ಕೆ ತೀರ್ಪು ಕೇಳಿದಾಗ ಕಲ್ಲಾದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಲ್ಲಿಗೇ ನಿಂತಿದ್ದರೆ ಅದನ್ನೊಂದು ನಗೆಪಾಟಲಿನ ಕತೆ ಮಾಡಿ ಹೇಳಬಹುದಿತ್ತು.

ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ, ಶಾಲೆಯ ಅಂಗಳದಲ್ಲಿ ಬ್ಯಾಡ್ಮಿಂಟನ್ ಆಡುವಾಗ ಎದುರಿನವಳು ಬೀಸಿ ಹೊಡೆದ ಕಾಕ್ ನೇರ ಎಡಗಣ್ಣಿಗೆ ಬಡಿಯಿತು. ಹೆಂಡತಿ ಆಸ್ಪತ್ರೆಯ ಓಣಿಯಿಂದ ಫೋನು ಮಾಡಿದಳು. ಗಂಜಿಯಣ್ಣ ಅಟ್ಟದಲ್ಲಿದ್ದ, ಹಡಗು ಬಂದರಿನ ಹತ್ತಿರವೇ ಇತ್ತು. ಎಂದೂ ಇಲ್ಲದಷ್ಟು ಚೆನ್ನಾಗಿ ಕೇಳಿಸುತ್ತಿತ್ತು.

“ರೀ, ಕಣ್ಣೊಳಗೆ ತುಂಬಾ ಪೆಟ್ಟಾಗಿದೆಯಂತೆ. ಈಗ್ಲೇ ಆಪರೇಷನ್ ಮಾಡಿದ್ರೆ ಉಳಿದ್ರೂ ಉಳೀಬಹುದು, ಇರೋ ದೃಷ್ಟೀನೂ ಹೋದ್ರೂ ಹೋಗಬಹುದು ಅಂತಾರೆ. ಕಾದ್ರೂ ಅಷ್ಟೇನಂತೆ. ಡಾಕ್ಟ್ರು ಕಾಯ್ತಿದ್ದಾರೆ. ಮಾಡಿಸ್ಲಾ, ಬೇಡ್ವಾ? ಒಂದು ಮಾತು ಹೇಳ್ರೀ.”

ಮಾಡಿಸು ಅಂದು ಕೆಟ್ಟರೆ? ಬೇಡ ಅಂದು ಕೆಟ್ಟರೆ? ಎರಡರಲ್ಲಿ ಯಾವುದು ಹೇಳಿದರೂ ಜೀವಮಾನವಿಡೀ ಅದು ತನ್ನ ತಲೆಯ ಮೇಲೆ. ಗಂಜಿಯಣ್ಣನ ಬಾಯಿ ಅರ್ಧ ತೆರೆದದ್ದು ಮಾತಾಡಲಿಕ್ಕೇ. ತೆರೆದದ್ದು ಹಾಗೆಯೇ ನಿಂತಿತು. ರೆಪ್ಪೆ ಇಳಿಯಿತು. “ಹಲೋ, ಕೇಳಿಸ್ತಿದೆಯಾ? ಅಯ್ಯೋ, ಈ ಹಾಳು ನೆಟ್ಟು!” ಎಂದು ಅವಳು ಅಳುತ್ತಿದ್ದಾಗ ಹೆಬ್ಬೆರಳು ತನ್ನ ಕೆಲಸ ಮಾಡಿತು. ಮತ್ತೆ ಅವನು ಫೋನು ಹಚ್ಚುವ ಹೊತ್ತಿಗೆ ಅವಳು ಒಬ್ಬಳೇ ಹೂಂ ಅಂದಾಗಿತ್ತು. ಕಣ್ಣು ಉಳಿಯಲಿಲ್ಲ.

ಆಪರೇಷನ್ ತಪ್ಪೋ ಸರಿಯೋ, ಅದನ್ನು ಯಾವ ಡಾಕ್ಟರೂ ಹೇಳಲಾರ. ಆದರೆ ಮಗಳು ಹೇಳಿದಳು. “ನೀನು ಅಪ್ಪನ್ನ ಕೇಳ್ಬೇಕಿತ್ತು. ಕೇಳದೇ ಹೆಂಗೆ ಮಾಡಿಸ್ದೆ?” ಎಂದು ಅಮ್ಮನ ಮುಖಕ್ಕೇ ಅಂದಳು. ಒಂದು ಸಲವಲ್ಲ, ಕನ್ನಡಿ ನೋಡಿದಾಗಲೆಲ್ಲ. “ಕೇಳ್ದೆ ಕಣೆ, ನೆಟ್ಟು ಹೋಯ್ತು,” ಎಂದು ಅಮ್ಮ ಹೇಳಿದರೆ, “ಇನ್ನೊಂದು ಸಲ ಮಾಡೋಕೆ ಏನಾಗಿತ್ತು?” ಅನ್ನುವಳು. ರಜೆಗೆ ಬಂದ ಗಂಜಿಯಣ್ಣ ಈ ಮಾತುಗಳನ್ನು ಊಟದ ತಟ್ಟೆಯ ಮುಂದೆ ಕೂತು ಕೇಳಿದ. ಮಗಳು ಅವನ ತೋಳಿಗೆ ಒರಗಿಕೊಂಡೇ ಉಣ್ಣುತ್ತಿದ್ದಳು, ಅಮ್ಮ ಬಡಿಸಲು ಬಂದರೆ ತಟ್ಟೆ ಸರಿಸುತ್ತಿದ್ದಳು. ಹೆಂಡತಿ ಒಮ್ಮೆ ಅಡುಗೆಮನೆಯಲ್ಲಿ, “ನಾನೇ ಅವಸರ ಮಾಡ್ದೆ ಅನ್ಸುತ್ತೆ ರೀ,” ಅಂದಳು. ಅವನು ಏನು ಹೇಳಿದ ಗೊತ್ತೇ? “ಆದದ್ದಾಯ್ತು ಬಿಡು, ನಾನೇನೂ ನಿನ್ನ ಬೈಯಲ್ಲ,” ಅಂದ! ಅಂದು, ತುತ್ತು ನುಂಗಿದ. ತನ್ನನ್ನು ಕ್ಷಮಿಸಬೇಕಾದವಳನ್ನು ತಾನೇ ಕ್ಷಮಿಸಿ ದೊಡ್ಡವನಾದ. ಹಡಗಿಗೆ ಮರಳಿದ ಮೇಲೆ ಅವನು ಯಾವ ಕರೆಯಲ್ಲೂ ಕಲ್ಲಾಗಲಿಲ್ಲ. ನಿಜವಾಗಿ ನೆಟ್ಟು ಹೋದರೂ ಸಿಗುವವರೆಗೆ ಮತ್ತೆ ಮತ್ತೆ ಫೋನು ಹಚ್ಚುತ್ತಿದ್ದ.

ನಾಲ್ಕು ವರ್ಷ ಹೀಗೆ ಹೋಯಿತು. ಈ ಸಲ ಹಡಗನ್ನು ರಿಪೇರಿಗೆ ನಿಲ್ಲಿಸಿದಾಗ ತಂತ್ರಜ್ಞರು ಬಂದು, ಗುಮ್ಮಟಗಳ ಪಕ್ಕದಲ್ಲಿ ಮಣೆಯಂಥ ಚಪ್ಪಟೆ ಹಲಗೆಗಳನ್ನು ಕೂರಿಸಿದರು. ಉಪಗ್ರಹಗಳು ಈಗ ಆಕಾಶದಲ್ಲಿ ಕೆಳಗೇ ಓಡಾಡುತ್ತವಂತೆ, ಒಂದು ಮರೆಯಾದರೆ ಇನ್ನೊಂದು ಕೈ ಹಿಡಿಯುತ್ತದಂತೆ. ಓಣಿ ಓಣಿಗೂ ತಂತಿ ಎಳೆದು, ಕೆಲಸಗಾರರ ಕೋಣೆಗಳಿಗೂ, ಕಡೆಗೆ ಲಾಂಡ್ರಿಯ ಚಾವಣಿಗೂ ವೈ-ಫೈನ ಬಿಳಿ ಡಬ್ಬಿ ಅಂಟಿಸಿದರು. ಮೊದಲ ದಿನ ಹಡಗಿನ ತಳವೆಲ್ಲ ನಗು, ಅಳು, ಮಕ್ಕಳ ಕಿರುಚಾಟ. ಬೇಕರಿಯವನೊಬ್ಬ ಮಾತ್ರ ಮುಖ ಗಂಟು ಹಾಕಿಕೊಂಡು, “ಇನ್ಮೇಲೆ ನಮ್ಮ ವಿದ್ಯೆಗೆ ಬೆಲೆ ಇಲ್ಲ,” ಎಂದು ಹಿಟ್ಟು ಗುದ್ದಿ ನಾದಿದ.

ಎರಡು ದಿನ ಬಿಟ್ಟು, ಮಧ್ಯಾಹ್ನದ ಪಾಳಿಯಲ್ಲಿ ಹೆಂಡತಿಯ ಕರೆ ಬಂತು. ಇಸ್ತ್ರಿ ಮೇಜಿನ ಮೇಲೆ ಫೋನು ಒರಗಿಸಿಟ್ಟು ಗಂಜಿಯಣ್ಣ ಅವಳನ್ನು ನೋಡಿದ. ಎಷ್ಟು ಸ್ಪಷ್ಟವಾಗಿತ್ತೆಂದರೆ, ಅವಳ ಕಿವಿಯ ಹಿಂದೆ ಹಣ್ಣಾದ ಕೂದಲು ಕೂಡ ಕಂಡಿತು.

“ಕಣ್ಣಿನ ಡಾಕ್ಟ್ರು ಇನ್ನೊಂದು ಆಪರೇಷನ್ ಹೇಳಿದ್ದಾರೆ,” ಅಂದಳು. “ದೃಷ್ಟಿ ಬರಲ್ಲ. ಆದ್ರೆ ಆ ಕಣ್ಣು ಆಚೆ ಕಡೆ ವಾಲುತ್ತಲ್ಲ, ಅದನ್ನ ನೇರ ಮಾಡ್ತಾರಂತೆ. ನೇರ ಆದ್ರೂ ಮತ್ತೆ ವಾಲ್ಬಹುದಂತೆ. ಶಾಲೇಲಿ ಹುಡುಗೀರು ಆಡ್ಕೋತಾರೆ. ಅವಳಿಗೆ ಆಸೇನೂ ಇದೆ, ಹೆದ್ರಿಕೇನೂ ಇದೆ. ಅಪ್ಪ ಹೇಳಿದ್ರೆ ಮಾತ್ರ ಅಂತಾಳೆ. ನಾನಂತೂ ಬಾಯಿ ಬಿಡಲ್ಲ ಈ ಸಲ. ಮಾಡಿಸೋಣ್ವಾ, ಬೇಡ್ವಾ? ನೀವೇ ಹೇಳಿ.”

ಅದೇ ಪ್ರಶ್ನೆ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟದ್ದಷ್ಟೇ ಅವನಿಗೆ ನೆನಪು. ಹಳೆಯ ಅಭ್ಯಾಸ ಅವನನ್ನು ಕೇಳದೆಯೇ ಎದ್ದು ಬಂತು. ಬಾಯಿ ಅರ್ಧ ತೆರೆಯಿತು, ರೆಪ್ಪೆ ಇಳಿಯಿತು. ಗಂಜಿಯಣ್ಣ ಕಲ್ಲಾದ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತು. ಇಷ್ಟು ವರ್ಷ ಅವನು ಕಲ್ಲಾದದ್ದೆಲ್ಲ ತೆರೆದ ಅಟ್ಟದಲ್ಲಿ, ಹಿಂದೆ ಬರೀ ಆಕಾಶ. ಲಾಂಡ್ರಿಗೆ ಸಿಗ್ನಲ್ ಬಂದದ್ದೇ ಮೊನ್ನೆ. ಅವನ ಬೆನ್ನ ಹಿಂದೆ ಒಣಗಿಸುವ ಯಂತ್ರದ ಗಾಜಿನ ಬಾಗಿಲಲ್ಲಿ ಬಿಳಿ ಟವೆಲುಗಳು ಮೇಲೆ ಹೋಗುತ್ತಿದ್ದವು, ಕೆಳಗೆ ಬೀಳುತ್ತಿದ್ದವು. ಒಬ್ಬ ಕೆಲಸದವಳು ಗಾಡಿ ತಳ್ಳಿಕೊಂಡು ಈ ಕಡೆಯಿಂದ ಆ ಕಡೆ ಹೋದಳು.

ಹೆಂಡತಿ ‘ಹಲೋ’ ಅನ್ನಲಿಲ್ಲ. ನೋಡುತ್ತ ಕೂತಳು.

“ನಿಮ್ಮ ಹಿಂದೆ ಮಷೀನು ತಿರುಗ್ತಿದೆ,” ಅಂದಳು.

ಅವನು ಆಗಲೂ ಅಲ್ಲಾಡಲಿಲ್ಲ. ಇನ್ನೇನು ಮಾಡಬೇಕೆಂದು ತೋಚದೆ ಕಲ್ಲಾಗಿಯೇ ಉಳಿದ. ಕಡೆಗೆ ಕಣ್ಣಲ್ಲಿ ನೀರು ಬಂದು ರೆಪ್ಪೆ ತಾನಾಗಿ ಬಡಿಯಿತು.

“ಅವತ್ತೂ?” ಅಂದಳು ಅವಳು.

ಬೈದಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು. ಅವಳು ಬೈಯಲಿಲ್ಲ. ತುಂಬ ಹೊತ್ತಿನಿಂದ ಹೊತ್ತಿದ್ದ ಮೂಟೆ ತನ್ನದಲ್ಲ ಎಂದು ದಾರಿಯ ಮಧ್ಯದಲ್ಲಿ ಗೊತ್ತಾದವಳ ಹಾಗೆ ಸುಮ್ಮನೆ ಉಸಿರು ಬಿಟ್ಟಳು.

“ಹೆದ್ರಿಬಿಟ್ಟೆ ಕಣೆ,” ಅಂದ ಗಂಜಿಯಣ್ಣ.

“ನಂಗೂ ಹೆದ್ರಿಕೆ ಆಗಿತ್ತು. ನನ್ನ ಮಗಳು ನನ್ನ ಮುಖ ನೋಡಿ ನಾಲ್ಕು ವರ್ಷ ಆಯ್ತು ರೀ.” ಅವಳು ಒಳಗೆ ತಿರುಗಿ ಕೂಗಿದಳು. “ಬಾರೇ ಇಲ್ಲಿ. ಅಪ್ಪ ನಿಂಗೇನೋ ಹೇಳ್ಬೇಕಂತೆ.”

“ಈಗ ಬೇಡ ಕಣೆ. ರಜಕ್ಕೆ ಬಂದಾಗ ನಾನೇ ಕೂತು ನಿಧಾನಕ್ಕೆ...”

“ಈಗ.”

ಹೆಬ್ಬೆರಳು ಕೆಂಪು ಗುಂಡಿಯ ಹತ್ತಿರ ಹೋಗಿತ್ತು. ಒತ್ತಿದರೆ ಮುಗಿಯಿತು. ಒತ್ತಿದರೆ ಈ ಜನ್ಮಕ್ಕೆ ಆ ಮನೆಯಲ್ಲಿ ತನಗೆ ಮುಖವಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಮಗಳು ಬಂದು ಅಮ್ಮನ ಬಲಕ್ಕೆ ಕುರ್ಚಿ ಎಳೆದು ಕೂತಳು. ಅವಳ ಎಡಗಣ್ಣು ಪಕ್ಕಕ್ಕೆ ವಾಲಿತ್ತು.

“ಹೇಳಪ್ಪಾ. ಮಾಡಿಸ್ಕೊಳ್ಳಾ?” ಅಂದಳು. ಅವಳ ದನಿಯಲ್ಲಿದ್ದ ನಂಬಿಕೆಗೆ ಅವನಿಗೆ ನಾಚಿಕೆಯಾಯಿತು.

ಅವನು ಬೆರಳನ್ನು ಹಿಂದಕ್ಕೆ ತೆಗೆದ. “ಅದನ್ನ ಆಮೇಲೆ ಹೇಳ್ತೀನಿ ಪುಟ್ಟಾ. ಅವತ್ತು ಅಮ್ಮ ನನ್ನ ಕೇಳಿದ್ಲು. ನೆಟ್ಟು ಹೋಗಿರ್ಲಿಲ್ಲ. ಎಲ್ಲಾ ಕೇಳಿಸ್ತಿತ್ತು. ನಾನೇ ನಿಂತುಹೋದವನ ಥರ ನಟನೆ ಮಾಡಿ ಫೋನ್ ಕಟ್ ಮಾಡ್ದೆ.”

ಅವಳು ಅಳುತ್ತಾಳೆ, ಕೂಗಾಡುತ್ತಾಳೆ ಎಂದು ಅವನು ಕಾದ. ಅಮ್ಮ ಕೂತದ್ದು ಅವಳ ಎಡಕ್ಕೆ, ಕಾಣದ ಕಣ್ಣಿನ ಕಡೆ. ಅತ್ತ ನೋಡಬೇಕಾದರೆ ಪೂರ್ತಿ ಮುಖ ತಿರುಗಿಸಬೇಕು. ತಿರುಗಿಸಿದಳು.

“ಎಷ್ಟು ಸಲ ಕೇಳ್ದೆ?”

“ಏನು?”

“ಅವತ್ತು ಅಪ್ಪನ್ನ ಎಷ್ಟು ಸಲ ಕೇಳ್ದೆ ಅಮ್ಮಾ?”

“ಕಟ್ಟಾಗೋ ತನಕ ಕೇಳ್ತಾನೇ ಇದ್ದೆ ಕಣೆ.”

ಮಗಳು ಕುರ್ಚಿಯನ್ನು ಅಮ್ಮನ ಕಡೆಗೆ ತಿರುಗಿಸಿಕೊಂಡಳು. ಗಂಜಿಯಣ್ಣನಿಗೆ ಕಂಡದ್ದು ಅವಳ ಬೆನ್ನು ಮಾತ್ರ. ಫೋನು ಇಡುವುದನ್ನು ಅವರಿಬ್ಬರೂ ಮರೆತಿದ್ದರು. ಅವನೂ ಇಡಲಿಲ್ಲ.